ಎಡಗಾಲಿನ ಇಲಾಜು

ಆ ದಿನ ಬೆಳಿಗ್ಗೆ ಅಂಬರಾಯ ಮಾಸ್ತರರು ಮಾಡಿದ ತಪ್ಪು ಒಂದೇ. ಮಗ್ಗುಲು ಬದಲಿಸುವಾಗ "ಅಯ್ಯವ್ವಾ" ಅಂದರು. ಅದೂ ಕಿಟಕಿ ತೆರೆದಿಟ್ಟುಕೊಂಡು.

ಸೊಂಟದ ಆಪರೇಷನ್ ಮುಗಿಸಿಕೊಂಡು ಕಲಬುರಗಿಯಿಂದ ಶಹಾಬಾದಿನ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಬೆನ್ನಿನ ತಳದಲ್ಲಿ ಎರಡು ಎಲುಬುಗಳ ನಡುವಿನ ಗಾದಿ ಜಾರಿ ನರವನ್ನು ಒತ್ತುತ್ತಿತ್ತು. ಜಾರಿದಷ್ಟನ್ನು ಡಾಕ್ಟರು ಕತ್ತರಿಸಿ ತೆಗೆದಿದ್ದರು. ಬಗ್ಗಬಾರದು, ಭಾರ ಎತ್ತಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಬೆನ್ನಿಗೆ ಪೆಟ್ಟು ಬೀಳಬಾರದು ಎಂದು ಹೇಳಿ ಕಳಿಸಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರರಿಗೆ ಈ ಮಾತಿನ ಅರ್ಥ ಪೂರ್ತಿ ಆಗಿತ್ತು. ಇನ್ನೊಮ್ಮೆ ಆ ನರ ಸಿಕ್ಕಿಕೊಂಡರೆ ಉಳಿದ ಆಯುಷ್ಯವೆಲ್ಲ ಕಾಲೆಳೆದುಕೊಂಡು ನಡೆಯುವುದೇ. ಹಾಗಾಗಿ ಅವರು ಪ್ರಯೋಗಶಾಲೆಗೆ ಹೊಸದಾಗಿ ಬಂದ ಗಾಜಿನ ಸಾಮಾನಿನ ಪೆಟ್ಟಿಗೆಯಂತೆ, ಯಾರೂ ಮುಟ್ಟದಿರಲಿ ಎಂದು ಬೇಡಿಕೊಳ್ಳುತ್ತ ಮಲಗಿದ್ದರು.

ಎದುರು ಮನೆಯ ಧರ್ಮಣ್ಣ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ನೌಕರಿಯುದ್ದಕ್ಕೂ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತು ಮುಂದೆ ಏನಾಯಿತೆಂದು ಇಣುಕಿ ನೋಡಿದ ಚಾಳಿ ಇನ್ನೂ ಹೋಗಿರಲಿಲ್ಲ. "ಅಯ್ಯವ್ವಾ" ಕಿವಿಗೆ ಬಿದ್ದದ್ದೇ ತಡ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ರಸ್ತೆ ದಾಟಿ ಬಂದರು.

"ಏನ್ರಿ ಮಾಸ್ತರ, ಆಪರೇಷನ್ ಫೇಲ್ ಆಯ್ತೇನು?"

"ಇಲ್ರಿ ಧರ್ಮಣ್ಣ. ಮಗ್ಗಲಾಗಾಗ ಒಂದೀಟು ಚಳಕ್ ಅಂತು. ಹೊಲಿಗಿ ಇನ್ನಾ ಹಸಿ ಅದ."

"ಅಯ್ಯವ್ವಾ ಅಂದ್ರಿಲ್ಲೋ?"

"ಅಂದೆ."

"ಹಂಗಾರ ಫೇಲೇ." ಧರ್ಮಣ್ಣ ಬ್ರಷ್ ತೆಗೆದು ತೀರ್ಪು ಕೊಟ್ಟರು. "ನಡಾ ಹಿಡದದ್ದಕ್ಕ ಕತ್ತರಿ ಹಾಕಿಸ್ಕೋತಾರೇನ್ರಿ ಯಾರರ? ಅದಕ್ಕ ಒಂದೇ ಇಲಾಜು. ಕಾಲು ಮುಂದಾಗಿ ಹುಟ್ಟಿದವರ ಕಡಿಂದ ಒದಿಸ್ಕೋಬೇಕು."

ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರ ಎಡಗಾಲಿನಲ್ಲಿ ಗುಣ ಇರುತ್ತದೆ. ಅಂಥವರು ಹೊತ್ತು ಮುಳುಗುವ ಮೊದಲು, ರೋಗಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ. ಈ ಮಾತು ಆ ಕಡೆ ಎಲ್ಲರಿಗೂ ಗೊತ್ತು. ಮಾಸ್ತರರಿಗೂ ಗೊತ್ತಿತ್ತು. ಒಂಬತ್ತನೇ ತರಗತಿಗೆ ಮೂಢನಂಬಿಕೆಯ ಪಾಠ ಮಾಡುವಾಗ ಪ್ರತಿ ವರ್ಷ ಇದನ್ನೇ ಉದಾಹರಣೆ ಕೊಟ್ಟು ಮಕ್ಕಳನ್ನು ನಗಿಸುತ್ತಿದ್ದರು. ಆಗೆಲ್ಲ ಸೊಂಟ ಬೇರೆಯವರದಾಗಿತ್ತು.

"ಇಲ್ಲೇ ನಮ್ಮ ಜಿಲ್ಲಾದ ಮುಧೋಳದ ಜಟ್ಟೆಪ್ಪ ಅದಾನಲ್ಲ, ಕಲ್ಲಿನ ಲಾರಿ ಹೊಡಿತಾನ, ಅವ ಕಾಲು ಮುಂದಾಗೇ ಹುಟ್ಟ್ಯಾನ. ಈಗೇ ಫೋನ್ ಮಾಡ್ತೀನಿ."

"ಬ್ಯಾಡ್ರೀ!" ಮಾಸ್ತರರು ಎದ್ದು ಕೂಡಲು ಹೋಗಿ ಇನ್ನೊಂದು "ಅಯ್ಯವ್ವಾ" ಅಂದರು.

"ಕೇಳಿದ್ರ್ಯಾ? ಎರಡಾಯ್ತು," ಎಂದು ಧರ್ಮಣ್ಣ ಫೋನ್ ಕಿವಿಗಿಟ್ಟುಕೊಂಡು ಹೊರಟೇಹೋದರು.

ಜಟ್ಟೆಪ್ಪ ಮಾಸ್ತರರ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂಡುತ್ತಿದ್ದ, ಇನ್ನೊಬ್ಬನಿಗೆ ಜಾಗ ಉಳಿಯುತ್ತಿರಲಿಲ್ಲ. ಅವನ ಅಳತೆಯ ಚಪ್ಪಲಿ ಊರಲ್ಲಿ ಸಿಗದೆ ಹೈದರಾಬಾದಿನಿಂದ ತರಿಸುತ್ತಾರೆಂದು ಮಾತಿತ್ತು. ಆ ಪಾದದ ತೂಕ, ಅದು ಬರುವ ವೇಗ, ತಮ್ಮ ಹಸಿ ಹೊಲಿಗೆ, ಇವಿಷ್ಟನ್ನೂ ಮಾಸ್ತರರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಉತ್ತರಕ್ಕಿಂತ ಮೊದಲು ಬೆವರು ಬಂತು.

ಅಷ್ಟರಲ್ಲಿ ಬಗಲ ಮನೆಯ ದ್ರೌಪದಿಬಾಯಿ ಮಂಡಕ್ಕಿ ಒಗ್ಗರಣೆಯ ಸುಸಲಾ ತುಂಬಿದ ಬೋಗುಣಿ ಹಿಡಿದು ಬಂದರು. ರೋಗಿಯನ್ನು ಮಾತಾಡಿಸಲು ಬಂದವರು ದೂರ ಕುರ್ಚಿಯ ಮೇಲೆ ಕೂತರೆ ಅಂತಃಕರಣ ಕಮ್ಮಿ ಎಂದು ತಿಳಿದವರು ಅವರು. ಸೀದಾ ಮಂಚದ ಅಂಚಿಗೇ ಕೂತರು. ಮಂಚ ಆ ಕಡೆ ತಗ್ಗಿತು, ಮಾಸ್ತರರು ಇಳಿಜಾರಿನಲ್ಲಿಟ್ಟ ಗೋಲಿಯಂತೆ ಉರುಳಿದರು, ಮೂರನೆಯ "ಅಯ್ಯವ್ವಾ" ಹೊರಬಿತ್ತು.

"ಅಯ್ಯ ನಮ್ಮಣ್ಣ, ಈಟು ಬ್ಯಾನಿ ಇಟ್ಕೊಂಡು ಜಟ್ಟೆಪ್ಪಗ ಬ್ಯಾಡಂತೀರಂತ? ನಮ್ಮ ಮೈದುನ ಬಾಗಿದ ಕುಡಗೋಲಿನಂಗ ಹೋಗಿದ್ದ. ಮೂರು ಒದಿ ಬಿದ್ದವು ನೋಡ್ರಿ, ಕೋಲಿನಂಗ ನೆಟ್ಟಗ ಆಗಿ ಬಂದ."

"ಬಾಯಾರ, ಅವರದು ಬರೇ ಉಳುಕು. ನಂದು ಕೊಯ್ದು ಹೊಲಿದದ್ದು. ಹುಟ್ಟುವಾಗ ಕಾಲು ಮೊದಲು ಬಂದ್ರೇನು, ತಲಿ ಮೊದಲು ಬಂದ್ರೇನು, ಒದಿ ಅಂದ್ರ ಒದೀನೇ."

"ಸೈನ್ಸ್ ಕಲಿತವರ ಹಣೇಬರನೇ ಇಷ್ಟು," ಎಂದು ದ್ರೌಪದಿಬಾಯಿ ಅಡುಗೆಮನೆಯ ಕಡೆ ತಿರುಗಿ ಮಾಸ್ತರರ ಹೆಂಡತಿ ಅಂಬುಜಾಗೆ ಹೇಳಿದರು. "ಬ್ಯಾನಿ ತಮ್ಮದೇ ಇದ್ರೂ ಬುದ್ಧಿ ಮಾತ್ರ ಪುಸ್ತಕದ್ದು."

ವಾದದಿಂದ ಆಗದ್ದನ್ನು ನಟನೆಯಿಂದ ಸಾಧಿಸಬಹುದೆಂದು ಮಾಸ್ತರರಿಗೆ ಹೊಳೆಯಿತು. ಮುಖದ ಮೇಲೆ ನಗೆ ತಂದುಕೊಂಡು, "ಖರೇ ಹೇಳಬೇಕಂದ್ರ ಈಗ ನೋವೇ ಇಲ್ಲ. ಎಲ್ಲಾ ಆರಾಮ ಅದ," ಎಂದರು.

ದ್ರೌಪದಿಬಾಯಿ ಎರಡೂ ಕೈ ಜೋಡಿಸಿದರು. "ನೋಡಿದ್ಯಾ ಅಂಬುಜಾ? ಜಟ್ಟೆಪ್ಪನ ಹೆಸರು ಹೇಳಿದ್ದಕ್ಕೇ ಈಟು ಗುಣ! ಇನ್ನ ಕಾಲು ಬಿದ್ರ ಹ್ಯಾಂಗಿರಬ್ಯಾಡ!"

ಅವರು ಹೋದ ಮೇಲೆ ಅಂಬುಜಾ ಗಂಡನ ತಲೆಯ ಹತ್ತಿರ ಬಂದು ನಿಂತಳು. "ರೀ, ಮೂರೇ ಮೂರು ಅಲ್ಲೇನು? ನನ್ನ ಸಲುವಾಗಿ."

ಹೆಂಡತಿ ಹೀಗೆ ಮೆತ್ತಗಿನ ದನಿಯಲ್ಲಿ ಏನಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಈಗ ಕೇಳಿದ್ದಳು, ಗಂಡನಿಗೆ ಒದೆ.

"ನನ್ನ ಸೊಂಟ ಮುರೀತದ ಅಂಬುಜಾ."

"ನನಗೇನು ತಿಳಿತದ್ರಿ. ಅತ್ತಿಯವರಿಗಿ ಫೋನ್ ಮಾಡೀನಿ. ಸನ್ನತಿಂದ ಬಸ್ ಹತ್ಯಾರ. ಬಂದು ಅವರೇ ಫೈಸಲಾ ಮಾಡ್ಲಿ."

ಮಾಸ್ತರರಿಗೆ ಇದ್ದ ಆಸೆಯೂ ಹೋಯಿತು. ಹಿರಿಯ ಮಗನ ಮನೆಯಲ್ಲಿ ಮೊಮ್ಮಕ್ಕಳ ಮೇಲೆ ದರ್ಬಾರು ನಡೆಸಿಕೊಂಡಿದ್ದ ಅವರ ತಾಯಿ ಶಿವಕಾಂತಮ್ಮ ನಂಬದ ವಸ್ತು ಜಗತ್ತಿನಲ್ಲಿರಲಿಲ್ಲ. ಬೆಕ್ಕು ಅಡ್ಡ ಬಂದರೆ ಬಸ್ಸಿನಿಂದಲೇ ಇಳಿದುಬಿಡುವ ಹೆಂಗಸು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೀದಿಯಲ್ಲಿ ಲಾರಿ ನಿಂತ ಸದ್ದು ಕೇಳಿತು. ಮಾಸ್ತರರು ಸೊಂಟಕ್ಕೆ ಬೆಲ್ಟ್ ಬಿಗಿದು, ತಲೆಯ ಮೇಲೆ ತುಂಬಿದ ಕೊಡ ಹೊತ್ತವರಂತೆ ಒಂದೊಂದೇ ಹೆಜ್ಜೆ ಇಟ್ಟು ಬಚ್ಚಲಮನೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡರು. ಹೊತ್ತು ಮುಳುಗುವವರೆಗೆ ಇಲ್ಲಿದ್ದರೆ ಗೆದ್ದಂತೆ ಎಂಬುದು ಲೆಕ್ಕ. ಆದರೆ ಬಚ್ಚಲಲ್ಲಿ ಕೂಡಲು ಇದ್ದದ್ದು ಗೇಣೆತ್ತರದ ಮಣೆ ಮಾತ್ರ, ಅದರ ಮೇಲೆ ಕೂಡುವುದನ್ನು ಡಾಕ್ಟರು ಬಿಟ್ಟರೂ ಸೊಂಟ ಬಿಡುವುದಿಲ್ಲ. ನಿಂತರು. ನಿಂತೇ ಇದ್ದರು. ಕಾಲಲ್ಲಿ ಇರುವೆ ಹರಿದಂತಾಯಿತು, ಆಮೇಲೆ ಸೂಜಿ ಚುಚ್ಚಿದಂತಾಯಿತು. ಬಾಗಿಲಾಚೆ ಧರ್ಮಣ್ಣ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವವರಂತೆ ಅಡ್ಡಾಡುತ್ತಿದ್ದರು.

"ಮಾಸ್ತರ, ಹೊರಗ ಬರ್ರಿ. ಬಾಗಿಲ ಬಿಜಾಗರಿ ಬಿಚ್ಚಲಿಕ್ಕ ಸ್ಕ್ರೂಡ್ರೈವರ್ ತಂದೀನಿ."

ಮಾಸ್ತರರು ಹೊರಗೆ ಬಂದರು.

ಪಡಸಾಲೆ ತುಂಬ ಮಂದಿ. ನಡುವೆ ಜಟ್ಟೆಪ್ಪ, ಬಲಗಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ. ಎಡಗಾಲನ್ನು ಯಾರೋ ತೊಳೆದು ಅರಿಶಿನ ಹಚ್ಚಿದ್ದರು. ಮಾಸ್ತರರನ್ನು ಕಂಡದ್ದೇ ಮುಂದೆ ಬಂದು ಅವರ ಪಾದಕ್ಕೆ ಹಣೆ ಹಚ್ಚಿದ.

"ಸರ್, ಗುರುಗಳಿಗಿ ಒದಿಯೋದು ಪಾಪ ಅಂತ ನನಗ ಗೊತ್ತದ. ಅದಕ್ಕೇ ಮೊದಲೇ ಮಾಫಿ ಕೇಳ್ಕೋತೀನ್ರಿ. ನೀವು ನನಗ ಭಾಳ ಮಾಡೀರಿ. ನಾ ಕೈ ಬಿಡಂಗಿಲ್ಲ. ಜೋರಿಲೇ ಒದಿತೀನಿ."

"ಜಟ್ಟೆಪ್ಪ, ನನ್ನ ಮ್ಯಾಲ ಗೌರವ ಇದ್ರ ಸುಮ್ಮ ಹೋಗಪ್ಪ."

"ಸಂಕೋಚ ಮಾಡ್ಕೋಬ್ಯಾಡ್ರಿ ಸರ್."

ಧರ್ಮಣ್ಣ ಒಂದು ರಟ್ಟೆ, ಇನ್ಯಾರೋ ಒಂದು ರಟ್ಟೆ ಹಿಡಿದು ಮಾಸ್ತರರನ್ನು ಹೊಸ್ತಿಲಲ್ಲಿ ಬೀದಿಗೆ ಮುಖ ಮಾಡಿ ನಿಲ್ಲಿಸಿದರು. ಬಿಸಿಲು ಎದುರಿನ ಗೋಡೆಯ ಮೇಲಿತ್ತು. ಹಿಂದೆ ಜಟ್ಟೆಪ್ಪ ಉಸಿರು ಎಳೆದುಕೊಂಡದ್ದು ಕೇಳಿಸಿತು. ಮಾಸ್ತರರು ಕಣ್ಣು ಮುಚ್ಚಿ, ಕಾಲೆಳೆದುಕೊಂಡು ಕ್ಲಾಸಿಗೆ ಹೋಗುವ ತಮ್ಮ ಮುಂದಿನ ದಿನಗಳನ್ನು ಕಂಡರು.

"ಏ, ಕಾಲು ತಗೀ! ಕಾಲು ತಗೀ ಅಂತೀನಿ!"

ಬೀದಿಯಲ್ಲಿ, ಒಂದು ಕೈಯಲ್ಲಿ ಚೀಲ ಇನ್ನೊಂದರಲ್ಲಿ ಸೀರೆಯ ನಿರಿಗೆ ಹಿಡಿದು ಓಡಿಬರುತ್ತಿದ್ದವಳು ಶಿವಕಾಂತಮ್ಮ. ಬಂದವಳೇ ಚೀಲ ಒಗೆದು, ಮಗನ ಬಗಲಿಂದ ಒಳಗೆ ನುಸುಳಿ ಅವನ ಹಿಂದೆ ಗೋಡೆಯಂತೆ ನಿಂತಳು.

"ಯಾರಿಗಿ ಒದಿಯಾಕತ್ತಿ ಗೊತ್ತದೇನು ನಿನಗ? ನನ್ನ ಮಗನೂ ಕಾಲು ಮುಂದಾಗೇ ಹುಟ್ಟ್ಯಾನ! ಕಾಲು ಮುಂದಾದವನಿಗಿ ಕಾಲು ಮುಂದಾದವ ಒದ್ರ ಏನಾಗ್ತದ? ಒದ್ದವನ ನಡಾನೇ ಹೋಗ್ತದ!"

ಜಟ್ಟೆಪ್ಪ ಕೆಂಡ ತುಳಿದವನಂತೆ ಹಿಂದಕ್ಕೆ ನೆಗೆದ. ಕ್ರಿಯೆಗೆ ಪ್ರತಿಕ್ರಿಯೆ ಎಂಬ ನಿಯಮವನ್ನು ತಾವು ಇಷ್ಟು ಸ್ಪಷ್ಟವಾಗಿ ಅವನಿಗೆ ಎಂದೂ ಕಲಿಸಿರಲಿಲ್ಲ ಎಂದು ಮಾಸ್ತರರಿಗೆ ಅನ್ನಿಸಿತು.

"ಅವ್ವಾರ, ಇಷ್ಟು ದಿನ ಯಾಕ ಹೇಳಿಲ್ಲ?" ಧರ್ಮಣ್ಣ ಕೇಳಿದರು.

"ಹ್ಯಾಂಗ ಹೇಳಬೇಕಪ್ಪ? ಕಾಲು ಮುಂದಾದವರ ಕಣ್ಣಿಗಿ ನೆಲದಾಗಿನ ನಿಧಿ ಕಾಣ್ತದಂತ. ನಮ್ಮ ಸನ್ನತಿಯಾಗ ಎಲ್ಲಿ ಕೆದರಿದ್ರೂ ಹಳೇ ಕಲ್ಲು, ಹಳೇ ಇಟ್ಟಂಗಿ. ನಿಧಿ ಹುಡುಕವರು ನನ್ನ ಕೂಸಿಗಿ ಎತ್ಕೊಂಡು ಹೋದ್ರ?"

ಜಟ್ಟೆಪ್ಪ ಎಡಗಾಲಿನ ಅರಿಶಿನ ಒರೆಸಿಕೊಂಡು ಚಪ್ಪಲಿ ಹಾಕಿಕೊಂಡ. ಅಂಬುಜಾ ಕುರ್ಚಿ ತಂದು ಗಂಡನನ್ನು ಕೂಡಿಸಿದಳು. ಮಾಸ್ತರರಿಗೆ ತಾಯಿಯ ಪಾದಕ್ಕೆ ಬೀಳಬೇಕೆನ್ನಿಸಿತು. ಬಗ್ಗುವಂತಿರಲಿಲ್ಲವಾದ್ದರಿಂದ ಕಣ್ಣಲ್ಲೇ ನಮಸ್ಕರಿಸಿದರು.

ಆಗ ಧರ್ಮಣ್ಣ ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ಅವ್ವಾರ... ಮಾಸ್ತರ ಕಾಲಾಗೂ ಗುಣ ಅದ ಅಂದಂಗಾಯ್ತು?"

ಪಡಸಾಲೆಯಲ್ಲಿದ್ದ ಎಲ್ಲರ ಕೈಗಳೂ ತಂತಮ್ಮ ಸೊಂಟಕ್ಕೆ ಹೋದವು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಊರು ಅದು. ಗಣಿಯಲ್ಲಿ ಕಲ್ಲು ಎಬ್ಬಿಸುವವರು, ಲಾರಿಗೆ ಹೇರುವವರು, ಪಾಲಿಶ್ ಮಾಡುವವರು, ಅವರ ಬೆನ್ನಿಗೆ ಎಣ್ಣೆ ತಿಕ್ಕಿ ತಿಕ್ಕಿ ತಮ್ಮ ಬೆನ್ನೂ ಹಿಡಿಸಿಕೊಂಡ ಹೆಂಡಂದಿರು. ಮುಧೋಳದಿಂದ ಜಟ್ಟೆಪ್ಪ ಬರುವುದನ್ನು ಕಾಯಬೇಕಿದ್ದವರಿಗೆ ಬೀದಿಯಲ್ಲೇ ಒಂದು ಕಾಲು ಸಿಕ್ಕಿತ್ತು. ಸುದ್ದಿ ಮೂಲೆ ತಿರುಗುವಷ್ಟರಲ್ಲಿ ಬಾಗಿಲ ಮುಂದೆ ಸಾಲು ಬೆಳೆಯಿತು. ಕಲ್ಲು ಹೇರುವ ಚಂದ್ರಾಮ ಕೇಳಲೂ ಇಲ್ಲ. ಅಂಗಿ ಬಿಚ್ಚಿ ಮಾಸ್ತರರ ಕುರ್ಚಿಯ ಮುಂದೆ ಬೋರಲು ಮಲಗಿದ.

"ಹೊಸ್ತಿಲ ಗಿಸ್ತಿಲ ಏನೂ ಬ್ಯಾಡ್ರಿ ಮಾಸ್ತರ. ಇಲ್ಲೇ ಒದೀರಿ."

ಮಾಸ್ತರರು ತಾಯಿಯ ಸೆರಗು ಜಗ್ಗಿ ಕಿವಿಯಲ್ಲಿ ಹೇಳಿದರು, "ಅವ್ವ, ಇದು ಖರೇ ಏನು?"

"ಖರೇ ಎಲ್ಲಿಂದೋ," ಶಿವಕಾಂತಮ್ಮ ತುಟಿ ಅಲುಗಿಸದೆ ಅಂದಳು. "ನೀ ಬರೋಬ್ಬರಿ ತಲಿ ಮುಂದಾಗೇ ಹುಟ್ಟೀದಿ. ಆ ಕ್ವಾಣನ ಕಾಲು ನೋಡಿ ನನಗ ಜೀವ ಹಾರಿತು, ಬಾಯಿಗಿ ಬಂದದ್ದು ಅಂದೆ. ಈಗ ಸುಳ್ಳಂದ್ರ ಅವ ಮತ್ತ ಚಪ್ಪಲಿ ಬಿಡ್ತಾನ, ನೋಡ್ಕೋ."

ಜಟ್ಟೆಪ್ಪ ಇನ್ನೂ ಹೋಗಿರಲಿಲ್ಲ. ಗುರುಗಳ ಒದೆ ನೋಡಿ ಕಲಿಯಲೆಂದು ಮುಂದಿನ ಸಾಲಿನಲ್ಲೇ ನಿಂತಿದ್ದ. ಸುಳ್ಳೆಂದು ಹೇಳಿದರೆ ಒದೆ ತಿನ್ನಬೇಕು, ಹೇಳದಿದ್ದರೆ ಒದೆಯಬೇಕು. ಎರಡರಲ್ಲಿ ಯಾವುದಾದರೂ ಕೆಡುವುದು ಅದೇ ಸೊಂಟ. ಮಾಸ್ತರರಿಗೆ ಉಳಿದ ದಾರಿ ಒಂದೇ. ಕಲಬುರಗಿಯ ಡಾಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಡಾಕ್ಟರ್ ಸಾಹೇಬ್ರ, ನಾ ಶಹಾಬಾದದ ಅಂಬರಾಯ ಮಾಸ್ತರ. ನಾ ಯಾರಿಗರ ಕಾಲಿಲೇ ಒದೀಬಹುದೇನ್ರಿ?"

"ಒದಿಯೋದಾ? ತಲಿ ಗಿಲಿ ಕೆಟ್ಟದೇನ್ರಿ ಮಾಸ್ತರ? ಕಾಲು ಒಂದೀಟು ಜಾಡಿಸಿದ್ರೂ ನರಕ್ಕ ಎಳತ ಬೀಳ್ತದ. ಬಿಲ್ಕುಲ್ ಇಲ್ಲ!"

ಮಾಸ್ತರರು ಕೋರ್ಟಿನಲ್ಲಿ ಗೆದ್ದವರಂತೆ ಸುತ್ತ ನೋಡಿದರು. ಮಂದಿಯ ಮುಖ ಸಣ್ಣದಾಯಿತು. ಚಂದ್ರಾಮ ಎದ್ದು ಎದೆಯ ಧೂಳು ಕೊಡವಿಕೊಂಡ. ಸಾಲಿನ ಹಿಂದಿನವರು ಕದಲತೊಡಗಿದರು.

"ಅಲ್ರಿ, ಒದಿಯೋ ಅಂಥಾದ್ದು ಏನಾಗ್ಯದ ಅಲ್ಲಿ?" ಫೋನಿನಿಂದ ದನಿ ಬಂತು.

ಮಾಸ್ತರರು ಬಾಯಿ ತೆರೆಯುವ ಮೊದಲೇ ಧರ್ಮಣ್ಣ ಫೋನಿನ ಮೇಲೆ ಬಾಗಿದರು. "ಸಾಹೇಬ್ರ, ಮಾಸ್ತರ ಕಾಲು ಮುಂದಾಗಿ ಹುಟ್ಟ್ಯಾರಂತ ಇವತ್ತು ಗೊತ್ತಾಯ್ತು. ನಡಾ ಹಿಡದವರೆಲ್ಲಾ ಸಾಲು ಹಚ್ಚ್ಯಾರ."

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಡಾಕ್ಟರು ದನಿ ಇಳಿಸಿ ಮಾತಾಡಿದರು.

"ಮಾಸ್ತರ, ಒದಿಬ್ಯಾಡ್ರಿ, ಆ ಮಾತು ಖರೇ. ಆದ್ರ ಕಾಲು ಬರೇ ಬೆನ್ನ ಮ್ಯಾಲ ಇಡಾಕ ಏನೂ ತಕರಾರಿಲ್ಲ. ಯಾಕಂದ್ರ... ದಿನಾ ನಿಂತು ನಿಂತು ಆಪರೇಷನ್ ಮಾಡಿ ನಂದೂ ನಡಾ ಹಿಡದದ್ರಿ. ಐತವಾರ ನಿಮ್ಮ ಕಡಿ ವಾಡಿ ಊರಿಗಿ ಬರೋದದ. ಹೊತ್ತು ಮುಳುಗೂದ್ರೊಳಗ ನಿಮ್ಮ ಮನಿಗಿ ಬಂದ್ರ ನಡೀತದಲ್ಲ?"

ಸಾಲು ಮೊದಲಿಗಿಂತ ಉದ್ದವಾಯಿತು. ಚಂದ್ರಾಮ ಮತ್ತೆ ಬೋರಲು ಬಿದ್ದ. ಜಟ್ಟೆಪ್ಪ ಮುಂದೆ ಬಂದು, "ನೀವು ಏನೂ ತ್ರಾಸ ತಗೋಬ್ಯಾಡ್ರಿ ಸರ್," ಎಂದು ಮಾಸ್ತರರ ಎಡಗಾಲನ್ನು ತುಂಬಿದ ಹಾಲಿನ ಗಿಂಡಿಯಷ್ಟು ಜೋಪಾನವಾಗಿ ಎತ್ತಿ ಚಂದ್ರಾಮನ ಸೊಂಟದ ಮೇಲೆ ಇಟ್ಟ.

"ಆಹಾ," ಅಂದ ಚಂದ್ರಾಮ. "ಬಿಡಾಕತ್ತದ ನೋಡ್ರಿ."

ಮಾಸ್ತರರ ಸೊಂಟದಲ್ಲಿ ಚಳಕ್ ಅಂತು. ಈ ಸಲ ಅವರು ಹಲ್ಲು ಕಚ್ಚಿಕೊಂಡರೇ ಹೊರತು ಬಾಯಿ ಬಿಡಲಿಲ್ಲ.