ಇನ್‌ಕ್ಯುಬೇಟರಿನೊಳಗೆ ಸರ್ ಅವರ ಮೊಸರು

ಮೈಕ್ರೋಬಯಾಲಜಿ ಲ್ಯಾಬು ಸೇರಿದ ಮೇಲೆ ಫಜೀತಿ ಇಲ್ಲದ ವಾರವೇ ನನಗೆ ನೆನಪಿಲ್ಲ. ಬ್ಯಾಕ್ಟೀರಿಯಾ ಪಾಪ, ತಮ್ಮ ಪಾಡಿಗೆ ತಾವಿರುತ್ತವೆ. ತಂಟೆಯೆಲ್ಲ ಮನುಷ್ಯರದು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಜನರ ಮೊಬೈಲ್ ಫೋನಿನ ಮೇಲೆ ಎಷ್ಟು ಬ್ಯಾಕ್ಟೀರಿಯಾ ಇರುತ್ತವೆ ಎಂದು ನೋಡುವುದು ನನ್ನ ಪ್ರಾಜೆಕ್ಟು. ಗೈಡ್ ಸರ್ ಮೊದಲ ದಿನವೇ, "ಇದು ನಿನ್ನ ಕೈಲೆ ಆಗಂಗಿಲ್ಲ. ಪುಸ್ತಕ ನೋಡಿ ಏನರೆ ಬರದು ಕೊಡು" ಅಂದರು. ಮನೆಯಲ್ಲಿ, "ಈ ಸಲ ಪಾಸಾಗಲಿಲ್ಲಂದ್ರ ಕಲತಿದ್ದು ಸಾಕು" ಅಂದರು. ನನಗೆ ಸಿಟ್ಟು ಬಂತು. ಇಬ್ಬರಿಗೂ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಅತ್ತೆಯ ಫೋನು

ಮೊದಲ ಸ್ಯಾಂಪಲ್ಲು ಮನೆಯಲ್ಲೇ ಸಿಕ್ಕಿತು. ಹುಬ್ಬಳ್ಳಿಯ ಬೈರಿದೇವರಕೊಪ್ಪದ ನಮ್ಮ ಮನೆಗೆ ಬಂದಿದ್ದ ಅತ್ತೆಯ ಫೋನನ್ನೂ ಕಾಕುವಿನ, ಅಂದರೆ ಚಿಕ್ಕಮ್ಮನ, ಫೋನನ್ನೂ ಹತ್ತಿ ಕಡ್ಡಿಯಿಂದ ಒರೆಸಿಕೊಂಡು ಹೋದೆ. ಮುಂದಿನ ವಾರ ಅತ್ತೆಗೆ, ಅವರ ಫೋನಿನ ಬ್ಯಾಕ್ಟೀರಿಯಾ ಬೆಳೆಸಿದ ಲ್ಯಾಬಿನ ಪ್ಲೇಟಿನ ಫೋಟೋ ತೋರಿಸಿದೆ. ತಟ್ಟೆಯ ತುಂಬ ಬಿಳಿ, ಹಳದಿ ಚುಕ್ಕೆ.

"ಅಯ್ಯ ಶಿವನೇ! ಇವಿಷ್ಟೂ ನನ್ನ ಫೋನಿನ ಮ್ಯಾಲಿನ್ಯಾವ?"

"ಹೂಂ ಅತ್ತಿ. ದಿನಾ ಒರಸಬೇಕು."

ಅತ್ತೆ ದನಿ ತಗ್ಗಿಸಿ ಕೇಳಿದರು: "ನಿಮ್ಮ ಕಾಕುಂದು?"

"ಇನ್ನೂ ಜಾಸ್ತಿ ಅದಾವ."

"ಹಂಗಾರ ನನ್ನ ಫೋನ್ ಸ್ವಚ್ಛನ ಐತಿ ಬಿಡು."

ಬಸ್ಸಿನ ಸೀಟು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಸ್ಯಾಂಪಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಗೃಹಸ್ಥ, "ಏನವಾ, ಆ ಡಬ್ಬಿ ಕೆಳಗ ಇಡಬಾರದೇನ? ನನಗ ತಾಗಾಕತ್ತೈತಿ" ಎಂದು ಗದರಿಸಿದರು.

"ಇಡಂಗಿಲ್ಲರಿ. ಇದರಾಗ ಬ್ಯಾಕ್ಟೀರಿಯಾ ಅದಾವ."

ಅವರು ಎದ್ದರು. ಹಿಂದಿನ ಸೀಟಿನವರೂ ಎದ್ದರು. ನಿಂತಿದ್ದವರು ಬಾಗಿಲ ಕಡೆ ಸರಿದರು. ನಾನು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಆಗ ಒಬ್ಬ ಅಜ್ಜಿ ಬಂದು, ಖಾಲಿ ಸೀಟಿನ ಮೇಲೆ ಕಾಲು ಚಾಚಿ ಕೂತು, "ನೀ ದಿನಾ ಇದ ಬಸ್ಸಿಗೆ ಬರತೀಯೇನವಾ?" ಎಂದು ಕೇಳಿದರು.

ಥಂಡಿಯ ತಕರಾರು

ಡಿಸೆಂಬರಿನ ಥಂಡಿಯಲ್ಲಿ ಧಾರವಾಡದ ಮನೆಗಳಲ್ಲಿ ಮೊಸರು ಲಗೂ ಹೆಪ್ಪಾಗುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ನಮ್ಮ ಇನ್‌ಕ್ಯುಬೇಟರಿನೊಳಗೆ ಮಾತ್ರ ಸದಾ ಬೆಚ್ಚಗಿರುತ್ತದೆ. ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಪ್ಲೇಟುಗಳೆಲ್ಲ ಹೊರಗೆ. ಅವುಗಳ ಜಾಗದಲ್ಲಿ ಒಂದು ಸ್ಟೀಲ್ ಡಬ್ಬಿ. ಗೈಡ್ ಸರ್ ಅವರದು. ಮಧ್ಯಾಹ್ನದ ಊಟಕ್ಕೆ ಮೊಸರು!

"ಸರ್, ಪ್ಲೇಟು ಹೊರಗಿದ್ರ ನನ್ನ ಲೆಕ್ಕ ತಪ್ಪತೈತ್ರಿ."

"ಅರ್ಧಾ ದಿನ ಹೊರಗಿದ್ರ ನಿನ್ನ ಬ್ಯಾಕ್ಟೀರಿಯಾಕ್ಕ ನೆಗಡಿ ಬರತೈತೇನು?"

ನಾನು ಡಬ್ಬಿಯನ್ನು ತೆಗೆದು ಅವರ ಟೇಬಲ್ಲಿನ ಮೇಲಿಟ್ಟು, ಪ್ಲೇಟುಗಳನ್ನು ಒಳಗಿಟ್ಟೆ. ಮರುದಿನ ಮತ್ತೆ ಡಬ್ಬಿ ಒಳಗೆ. ನಾನು ಮತ್ತೆ ಹೊರಗಿಟ್ಟೆ. ಸರ್ ಕೆಂಡವಾದರು.

"ಪ್ರಾಜೆಕ್ಟ್ ಅಪೂರ್ಣ ಅಂತ ಬರೀತೇನಿ, ನೋಡು!"

"ಬರೀರಿ ಸರ್. ಯಾಕ ಅಪೂರ್ಣ ಆತು ಅನ್ನೂದನ್ನೂ ಬರೀರಿ."

ಅವತ್ತಿನಿಂದ ಸರ್ ನನ್ನ ಜೊತೆ ಮಾತು ಬಿಟ್ಟರು. ಡಬ್ಬಿ ತರುವುದನ್ನು ಮಾತ್ರ ಬಿಡಲಿಲ್ಲ.

ಪರೀಕ್ಷೆಯ ದಿನ

ಹೇಗೋ ಕಾದಾಡಿ ಪ್ರಾಜೆಕ್ಟು ಮುಗಿಸಿದೆ. ಪರೀಕ್ಷೆಗೆ ಬೇರೆ ಊರಿನಿಂದ ಒಬ್ಬ ಮೇಡಮ್ ಬಂದರು. ಅವರು ಬಂದವರೇ ಇನ್‌ಕ್ಯುಬೇಟರ್ ತೆಗೆದರು. ಡಬ್ಬಿ ಹೊರಬಂತು.

"ಇದೇನಿದು ಮೊಸರು? ಯಾರದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಬೆವರು ಒರೆಸಿಕೊಂಡು, "ಇಕೀದ ಸ್ಯಾಂಪಲ್ರಿ ಮೇಡಮ್! ಭಾಳ ಶಾಣ್ಯಾ ಹುಡುಗಿ. ಪ್ರಾಜೆಕ್ಟ್ ಮುಗಿಸಿ ಇದನ್ನೂ ಮಾಡ್ಯಾಳ" ಅಂದರು. ಅಪೂರ್ಣ ಎಂದು ಬರೆಯುತ್ತೇನೆ ಎಂದಿದ್ದ ಬಾಯಿಂದಲೇ ನನ್ನ ಪ್ರಾಜೆಕ್ಟು ಮುಗಿದ ಮಾತು ಬಂದಿತ್ತು!

ಮೇಡಮ್ ನನ್ನ ಲೆಕ್ಕಗಳನ್ನೆಲ್ಲ ನೋಡಿ, ತಲೆದೂಗಿ, ಒಳ್ಳೆಯ ಅಂಕ ಹಾಕಿದರು. ಆಮೇಲೆ ಕೇಳಿದರು: "ಕೆಲಸ ಮುಗಿದ ಸ್ಯಾಂಪಲ್ ಏನ್ ಮಾಡ್ತೀರಿ?"

"ಆಟೋಕ್ಲೇವಿನಾಗ ಕುದಿಸಿ ಚೆಲ್ಲತೇವ್ರಿ ಮೇಡಮ್. ಲ್ಯಾಬಿನ ನಿಯಮ."

"ಮತ್ತ ಯಾಕ ತಡಾ?"

ಸರ್ ಮುಖ ನೋಡುತ್ತಲೇ ಡಬ್ಬಿಯನ್ನು ಎತ್ತಿಕೊಂಡೆ. ದೊಡ್ಡ ಕುಕ್ಕರಿನಂಥ ಆ ಆಟೋಕ್ಲೇವಿನೊಳಗಿಟ್ಟು ಮುಚ್ಚಳ ಬಿಗಿದೆ. ಇಷ್ಟು ಖುಷಿಯಿಂದ ನಾನು ಯಾವ ಸ್ಯಾಂಪಲ್ಲನ್ನೂ ಕುದಿಸಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಸರ್ ತಲೆ ತಗ್ಗಿಸಿ, ಖಡಕ್ ರೊಟ್ಟಿ ಮುರಿದು ಒಣ ಶೇಂಗಾ ಚಟ್ನಿಗೆ ಒತ್ತುತ್ತಿದ್ದರು. ಮೇಡಮ್ ತಮ್ಮ ಡಬ್ಬಿಯ ಮೊಸರನ್ನು ಅವರ ಕಡೆ ಸರಿಸಿ ಹೇಳಿದರು:

"ತಗೋರಿ ಸರ್. ಇದು ಮನ್ಯಾಗ ಹೆಪ್ಪಾಗಿದ್ದು."