ನನಗಿಂತ ಮೊದಲು ಮನೆ ಮುಟ್ಟುವ ಸದ್ದು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಪಶುವೈದ್ಯನ ಕೆಲಸದಲ್ಲಿ ನಗುವಂಥದ್ದು ದಿನಕ್ಕೊಂದು ನಡೆಯುತ್ತದೆ, ನಗುವವರು ಮಾತ್ರ ಬೇರೆಯವರು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ಸುತ್ತಿ ಈಗ ಹಾಸನಕ್ಕೆ ಬಂದು ನಿಂತಿದ್ದೇನೆ. ಎಲ್ಲ ಕಡೆಯೂ ಒಂದೇ ಅನುಭವ. ನನ್ನನ್ನು ಕಂಡರೆ ಹಸುವಿಗೆ ಸೂಜಿಯ ನೆನಪು, ಹಸುವಿನ ಯಜಮಾನನಿಗೆ ಕೆಟ್ಟ ಸುದ್ದಿಯ ಹೆದರಿಕೆ. ಮುಖವೂ ಈ ಕೆಲಸಕ್ಕೆ ಹೊಂದುವ ಹಾಗೆ ಜೋತುಬಿದ್ದಿದೆ. ಅದು ಸಾಲದು ಎಂಬಂತೆ, ನಾನು ಬರುತ್ತಿದ್ದೇನೆ ಎಂದು ಊರಿಗೆಲ್ಲ ಮುಂಚೆಯೇ ಸಾರುವ ಒಂದು ಗಾಡಿಯೂ ಗಂಟುಬಿತ್ತು.

ಮೂಗುದಾರವಿಲ್ಲದ ಗಾಡಿ

ನನ್ನ ಹೆಂಡತಿಯ ತಮ್ಮ ಮಣ್ಣಿನ ರೇಸುಗಳಲ್ಲಿ ಬೈಕು ಹಾರಿಸುತ್ತಿದ್ದವನು. ಮದುವೆ ಗೊತ್ತಾದಾಗ ಹೆಣ್ಣಿನ ಕಡೆಯವರು ಒಂದೋ ಬೈಕು, ಒಂದೋ ಹುಡುಗಿ ಎಂದರು. ಅವನು ಬೈಕನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸಿ, ಭಾವ, ನೀವು ಸುತ್ತೋ ದಾರಿಗೆ ಇದೇ ಸರಿ ಎಂದ. ಕೊಡುವ ಮುಂಚೆ ತಾನೇ ಮುಂದಿನ ಚಕ್ರದ ಎರಡೂ ಫೋರ್ಕ್, ಅಂದರೆ ಗುಂಡಿಯ ಏಟು ತಡೆಯುವ ಕೊಳವೆಗಳನ್ನು, ಬಿಚ್ಚಿ, ತೊಳೆದು, ಜೋಡಿಸಿದ್ದನಂತೆ. ಕೀಗೆ ಒಂದು ದಪ್ಪ ಉಕ್ಕಿನ ಬಳೆಯನ್ನೂ ಸಿಕ್ಕಿಸಿಕೊಟ್ಟ, ಕಳೆದುಹೋಗದಿರಲಿ ಎಂದು.

ಅದರ ಸೀಟು ನನ್ನ ಸೊಂಟದಿಂದ ಮೇಲಕ್ಕಿತ್ತು. ಕೂತರೆ ಎರಡು ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಹಾಗಾಗಿ ಯಾವ ಊರಿಗೆ ಹೋದರೂ ಮೊದಲು ರೋಗಿಯನ್ನಲ್ಲ, ಇಳಿಯಲು ಒಂದು ಕಲ್ಲುಕಟ್ಟೆಯನ್ನು ಹುಡುಕುತ್ತಿದ್ದೆ. ಒಂದು ಮನೆಯ ಹತ್ತಿರ ಕಟ್ಟೆ ಇರಲಿಲ್ಲ. ಸ್ವಲ್ಪ ಗಾಡಿ ಹಿಡಿದುಕೊಳ್ಳಪ್ಪ ಎಂದು ರೈತನನ್ನು ಕೇಳಿದೆ. ಅವನು ಗಾಡಿಯ ಮುಂದೆ ಬಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಸಂಕೋಚದಿಂದಲೇ ಕೇಳಿದ: "ಮೂಗುದಾರ ಇಲ್ವಲ್ಲ ಸಾ, ಎಲ್ ಇಡ್ಕಳ್ಳಿ?"

ಸದ್ದು

ಚರ್ಮಗಂಟು ರೋಗ ಬಂದ ವರ್ಷ ಗಾಡಿಯಲ್ಲಿ ಸದ್ದು ಶುರುವಾಯಿತು. ಮುಂದಿನ ಚಕ್ರ ಗುಂಡಿಗೆ ಇಳಿದರೆ ಟಕ್, ಮೇಲೆದ್ದರೆ ಕಿರ್ರ್. ನನಗೆ ಅದನ್ನು ನೋಡಲು ಪುರಸೊತ್ತಿರಲಿಲ್ಲ. ದಿನವೂ ಸತ್ತ ಹಸುಗಳ ಮನೆಗಳಿಗೆ ಹೋಗಿ ಬರುತ್ತಿದ್ದೆ. ಮೈತುಂಬ ಗಂಟೆದ್ದ ಕರುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹೆಂಗಸಿಗೆ ಏನು ಹೇಳಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಒಂದು ಸಂಜೆ ಮನೆಗೆ ಬಂದಾಗ ಟಿವಿ ಜೋರಾಗಿತ್ತು, ಮಗಳು ಏನೋ ಹೇಳಿ ನಗುತ್ತಿದ್ದಳು. ನಾನು ಬಂದಾಗಲಾದರೂ ಸ್ವಲ್ಪ ಸದ್ದಿಲ್ಲದೆ ಇರಿ ಎಂದುಬಿಟ್ಟೆ.

ಅವತ್ತಿನಿಂದ ನಾನು ಬರುವ ಹೊತ್ತಿಗೆ ಮನೆ ಸದ್ದಿಲ್ಲದೆ ಇರುತ್ತಿತ್ತು. ರೋಗ ಹೋಯಿತು, ವರ್ಷ ಕಳೆಯಿತು, ಮನೆ ಮಾತ್ರ ಹಾಗೇ ಉಳಿಯಿತು. ಹೆಂಡತಿ ಕಾಫಿ ಇಟ್ಟು ಒಳಗೆ ಹೋಗುವಳು, ಮಗಳು ಪುಸ್ತಕ ತೆರೆದುಕೊಳ್ಳುವಳು. ದನಗಳಿಗೆ ನಾನು ಬೇಡ, ಅದು ಸರಿ. ಮನೆಗೂ ಬೇಡವಾದೆನಾ ಎಂಬ ಯೋಚನೆ ಬಂತು. ಕೇಳಲು ಧೈರ್ಯ ಬರಲಿಲ್ಲ. ಬದಲಿಗೆ ಗಾಡಿ ರಿಪೇರಿಗೆ ಹೋದೆ.

ಹಾಸನದ ಮೆಕ್ಯಾನಿಕ್ ಗಾಡಿ ಹತ್ತಿ ಟಾರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. ಒಂದು ಚೂರೂ ಸದ್ದಿಲ್ಲ. ಮಣ್ಣಿನ ದಾರಿಯಲ್ಲಿ ಬರುತ್ತದೆ ಎಂದೆ. ಮಗ್ಗುಲಿನ ಖಾಲಿ ಸೈಟಿಗೂ ಇಳಿಸಿದ, ಸದ್ದಿಲ್ಲ. ನಾನು ಕೂತು ಓಡಿಸಿದೆ, ಆಗಲೂ ಇಲ್ಲ. ಅವನು ಕೈ ಒರೆಸಿಕೊಂಡು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಗಾಡಿ ಚೆನ್ನಾಗಿದೆ ಸಾರ್, ನೀವು ಒಂದ್ಸಲ ಬಿಪಿ ತೋರಿಸ್ಕೊಳ್ಳಿ ಎಂದ.

ಒಬ್ಬರ ಉಪಕಾರ

ದುದ್ದದ ಕಡೆಯ ಒಂದು ಹಳ್ಳಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಬೇಕಿತ್ತು. ಅಷ್ಟರಲ್ಲಿ ಸುತ್ತಲಿನ ದನಗಳೆಲ್ಲ ಆ ಸದ್ದನ್ನು ಕಲಿತಿದ್ದವು. ಟಕ್ ಎಂದರೆ ಕಿವಿ ನಿಮಿರುತ್ತಿತ್ತು, ಕಿರ್ರ್ ಎಂದರೆ ಹಗ್ಗ ಕೀಳುತ್ತಿದ್ದವು. ನಮ್ಮ ಮನೆ ಪಕ್ಕದವರ ಹಸುವಿಗೆ ನಾನು ಒಂದೇ ಸಲ ಸೂಜಿ ಚುಚ್ಚಿದ್ದು, ಅದು ಕೂಡ ಸದ್ದು ಕೇಳಿದರೆ ಹಾಲು ಬಿಗಿಹಿಡಿಯುತ್ತಿತ್ತು.

ಅದಕ್ಕೇ ಊರಿನ ಹಿರಿಯರೊಬ್ಬರು ಹಿಂದಿನ ದಿನವೇ ಫೋನ್ ಮಾಡಿ, ಗಾಡೀನ ಬಸ್‌ಸ್ಟಾಪಲ್ಲೇ ಬುಟ್ಟು ನಡ್ಕಂಡ್ ಬನ್ನಿ ಸಾ ಎಂದು ಹೇಳಿದ್ದರು. ಐಸ್ ಬಾಕ್ಸ್ ಹೊತ್ತು ಬಿಸಿಲಲ್ಲಿ ನಡೆದೆ. ಡೈರಿ ಮುಂದೆ ದನಗಳು ಸಾಲಾಗಿ, ಸಮಾಧಾನವಾಗಿ ನಿಂತಿದ್ದವು. ಜೀವನದಲ್ಲಿ ಮೊದಲ ಸಲ ನನ್ನ ಕಡೆ ನೋಡಿ ಮೆಲುಕು ಹಾಕುತ್ತಿದ್ದ ಹಸುಗಳನ್ನು ಕಂಡೆ. ನಾಲ್ಕಕ್ಕೆ ಚುಚ್ಚಿ ಐದನೆಯದಕ್ಕೆ ಸಿರಿಂಜು ತುಂಬುತ್ತಿದ್ದೆ. ಟಕ್. ಕಿರ್ರ್. ಐದೇ ನಿಮಿಷದಲ್ಲಿ ಡೈರಿ ಮುಂದೆ ನಾನು, ಹಿರಿಯರು ಮತ್ತು ಒಂದು ಮುರಿದ ಗೂಟ ಉಳಿದೆವು.

ಧೂಳಿನ ನಡುವಿಂದ ನನ್ನ ಗಾಡಿಯ ಮೇಲೆ ಒಬ್ಬ ಯಜಮಾನರು ನಗುನಗುತ್ತ ಬಂದರು. ಕೀ ಅದರಲ್ಲೇ ಬಿಟ್ಟು ಬಂದಿದ್ದೆನಂತೆ. "ಓಗೋವಾಗ್ಲೂ ನಡೀಬೇಕಲ್ಲ ಪಾಪ ಅಂತ ತಂದೆ ಸಾ," ಎಂದರು.

ಸ್ಟೆತಾಸ್ಕೋಪು

ಅರಕಲಗೂಡಿನಲ್ಲಿ ರೇಸಿನ ಗಾಡಿಗಳನ್ನು ಬಲ್ಲ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ ಎಂದು ಅಲ್ಲಿಗೆ ಹೋದೆ. ಅವರು ಹ್ಯಾಂಡಲ್ ಒತ್ತಿ ಗಾಡಿಯನ್ನು ಕುಣಿಸಿದರು. ಸದ್ದು ಬಂತು, ಆದರೆ ಎಡ ಫೋರ್ಕಿನದೋ ಬಲ ಫೋರ್ಕಿನದೋ ತಿಳಿಯಲಿಲ್ಲ. ಮಡ್‌ಗಾರ್ಡ್ ಬಿಚ್ಚಿದರು, ಬ್ರೇಕಿನ ವೈರು ಬಿಗಿದರು, ಹ್ಯಾಂಡಲ್ ಬೇರಿಂಗ್ ಅಲ್ಲಾಡಿಸಿದರು. ಸದ್ದು ಹೋಗಲಿಲ್ಲ. ನನಗೆ ತಡೆಯಲಾಗದೆ ಬ್ಯಾಗಿನಿಂದ ಸ್ಟೆತಾಸ್ಕೋಪು ತೆಗೆದು ಕಿವಿಗೆ ಹಾಕಿಕೊಂಡೆ. ಅವರು ಕುಣಿಸಿದರು, ನಾನು ರಸ್ತೆಬದಿಯಲ್ಲಿ ಮಂಡಿಯೂರಿ ಎಡ ಫೋರ್ಕಿಗೊಮ್ಮೆ ಬಲ ಫೋರ್ಕಿಗೊಮ್ಮೆ ಇಟ್ಟು ಕೇಳಿದೆ. ಎಡದ್ದು, ಮೇಲಿನ ಭಾಗ ಎಂದೆ.

ತಲೆಯೆತ್ತಿ ನೋಡಿದರೆ ಆರೇಳು ಜನ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಹಿಂದೆ ನನ್ನನ್ನು ಆ ತಾಲ್ಲೂಕಿನಲ್ಲಿ ಕಂಡಿದ್ದ ಒಬ್ಬ ರೈತ ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿ ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದ: "ಉಳೀತದಾ ಸಾ?"

ಮಿಕ್ಕಿದ್ದು

ಎಡ ಫೋರ್ಕಿನ ಮುಚ್ಚಳ ಬಿಚ್ಚಿದ್ದೇ ತಡ, ಒಳಗಿನ ಸ್ಪ್ರಿಂಗು ಅದನ್ನು ಎತ್ತಿ ತಗಡಿನ ಸೂರಿಗೆ ಹೊಡೆಯಿತು. ಮೆಕ್ಯಾನಿಕ್ಕು ಮೊದಲೇ ತಲೆ ಪಕ್ಕಕ್ಕೆ ವಾಲಿಸಿದ್ದರು, ನಾನು ವಾಲಿಸಿರಲಿಲ್ಲ. ಕೂದಲೆಳೆಯಷ್ಟರಲ್ಲಿ ಉಳಿದೆ. ಆಮೇಲೆ ಒಳಗಿನಿಂದ ಒಂದು ಗೇಣಿಗಿಂತ ಚಿಕ್ಕ ಪ್ಲಾಸ್ಟಿಕ್ ಪೈಪಿನ ತುಂಡು ಬಂತು. ತೋಟದ ಪೈಪು ತುರುಕಿ ಭಾಮೈದ ಮೋಸ ಮಾಡಿದ್ದಾನೆ ಎಂದು ನನಗೆ ಸಿಟ್ಟು ಬಂತು. ಅದು ಇರಬೇಕಾದ್ದೇ ಎಂದರು ಮೆಕ್ಯಾನಿಕ್ಕು. ಸ್ಪ್ರಿಂಗಿನ ಮೇಲೆ ಪೈಪು ಕೂತು ಅದನ್ನು ಅದುಮಿ ಹಿಡಿಯಬೇಕು. ಎರಡರ ನಡುವೆ ಒಂದು ಉಕ್ಕಿನ ವಾಷರ್ ಇರಬೇಕು. ಬಲಗಡೆ ಇದೆ, ಎಡಗಡೆ ಇಲ್ಲ. ಅದಕ್ಕೇ ಸ್ಪ್ರಿಂಗು ಪೈಪನ್ನು ಕಚ್ಚಿ ಕಚ್ಚಿ ತಿಂದಿದೆ. ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು, ಅದರಲ್ಲಿ ಪ್ಲಾಸ್ಟಿಕ್ಕಿನ ಪುಡಿ ತೇಲುತ್ತಿತ್ತು.

ಈ ಅಳತೆಯ ವಾಷರ್ ಇಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು ಎಂದರು. ಎಷ್ಟು ದಿನ ಎಂದು ಕೇಳುತ್ತ ನಾನು ಅಭ್ಯಾಸಬಲದಿಂದ ಬಳೆಯನ್ನು ಬೆರಳಿಗೆ ಸಿಕ್ಕಿಸಿ ಕೀ ತಿರುಗಿಸುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡಿದರು. ಕೀ ಇಸಿದುಕೊಂಡು, ಉಕ್ಕಿನ ಬಳೆ ಬಿಚ್ಚಿ, ಸ್ಪ್ರಿಂಗಿನ ಮೇಲೆ ಇಟ್ಟರು. ಹೇಳಿಮಾಡಿಸಿದ ಹಾಗೆ ಕೂತಿತು.

ಭಾಮೈದನಿಗೆ ಫೋನ್ ಮಾಡಿದೆ. ಜೋಡಿಸಿದ ಮೇಲೆ ಒಂದು ಮಿಕ್ಕಿತು ಭಾವ, ಚೆನ್ನಾಗಿತ್ತು, ಬಿಸಾಕೋಕೆ ಮನಸ್ಸು ಬರಲಿಲ್ಲ ಎಂದ. ಸದ್ದಿನ ಔಷಧಿಯನ್ನು ವರ್ಷಗಟ್ಟಲೆ ಆ ಗಾಡಿಗೇ ನೇತುಹಾಕಿಕೊಂಡು ತಿರುಗಿದ ಡಾಕ್ಟರು ನಾನೊಬ್ಬನೇ ಇರಬೇಕು.

ನಕ್ಕು ಹೇಳಿ

ಹೊಸ ಪೈಪು, ಹೊಸ ಎಣ್ಣೆ. ಗಾಡಿ ಉಸಿರೂ ಬಿಡದಂತಾಯಿತು. ಕಟ್ಟಾಯದ ಹತ್ತಿರದ ಒಂದು ಊರಿನ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಹಾಗೇ ಇಳಿದು ಒಂದು ಮನೆಯ ಹಿತ್ತಲಿಗೆ ಬಂದೆ. ಮನೆಯ ಅಜ್ಜಿ ಆಚೆಮನೆಯವಳ ಜೊತೆ ಮಾತಾಡುತ್ತಿದ್ದರು. "ಡಾಕ್ಟ್ರು ಒಳ್ಳೇವ್ರೇ ಕಣವ್ವ. ಮಕ ನೋಡುದ್ರೆ ಮಾತ್ರ ಅಸ ಓಗೇಬುಡ್ತು ಅನ್ನಿಸ್ಬುಡ್ತದೆ."

ಕೆಮ್ಮಿದೆ. ಅಜ್ಜಿ ಸ್ವಲ್ಪವೂ ಗಲಿಬಿಲಿಯಾಗದೆ ಬನ್ನಿ ಎಂದರು. ಹಸು ರಾಗಿ ಹಿಟ್ಟು ಜಾಸ್ತಿ ತಿಂದು ಹೊಟ್ಟೆಯುಬ್ಬಿಸಿಕೊಂಡಿತ್ತು, ಅಷ್ಟೆ. ಔಷಧಿ ಕುಡಿಸಿ, ಉಳಿಯುತ್ತೆ ಅಂದೆ. ಅಜ್ಜಿ ನಂಬಲಿಲ್ಲ. ಖಂಡಿತ ಉಳಿಯುತ್ತೆ ಅಂದೆ. ಅವರ ಕಣ್ಣಲ್ಲಿ ನೀರು ತುಂಬಿತು. "ಉಳಿಯೋದು ದಿಟ ಆದ್ರೆ ವಸಿ ನಕ್ಕಂಡ್ ಏಳಿ ಸಾ," ಎಂದರು. ನಕ್ಕೆ. ಹಸು ಎರಡು ಹೆಜ್ಜೆ ಹಿಂದಕ್ಕೆ ಹೋಯಿತು.

ಮನೆ

ಅದೇ ಸಂಜೆ ತಿರುವಿನಲ್ಲೇ ಎಂಜಿನ್ ಆರಿಸಿ ಸದ್ದಿಲ್ಲದೆ ಮನೆ ಗೇಟಿನ ಮುಂದೆ ಬಂದು ನಿಂತೆ. ಒಳಗೆ ನಗು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ. ಕಿಟಕಿಯಿಂದ ನೋಡಿದರೆ ಹೆಂಡತಿ ಸೋಫಾದ ಕೈಮೇಲೆ ಗಾಡಿ ಹತ್ತಿದ ಹಾಗೆ ಕೂತು, ಹೆಬ್ಬೆರಳಿನಿಂದ ನೆಲ ತಡಕುತ್ತ, ಮುಖ ಜೋಲಿಸಿ, "ಇಳಿಯೋಕೆ ಒಂದು ಕಟ್ಟೆ ಇದ್ಯಾ?" ಎನ್ನುತ್ತಿದ್ದಳು. ಮಗಳು ಪಕ್ಕದಲ್ಲಿ ನಿಂತು ಟಕ್, ಕಿರ್ರ್ ಎಂದು ಸದ್ದು ಕೊಡುತ್ತಿದ್ದಳು.

ಅವಮಾನವಾಗಬೇಕಿತ್ತು, ಆಗಲಿಲ್ಲ. ಒಳಗೆ ಹೋದರೆ ಇದು ನಿಂತುಹೋಗುತ್ತದೆ ಎಂಬ ಹೆದರಿಕೆಯೊಂದೇ ಆಯಿತು. ನಗು ಮುಗಿಸಿಕೊಳ್ಳಲು ಅವರಿಗೆ ಹೊತ್ತು ಕೊಡಬೇಕು. ಗಾಡಿಯನ್ನು ತಿರುವಿನವರೆಗೆ ತಳ್ಳಿಕೊಂಡು ಹೋಗಿ, ಕಲ್ಲು ಹತ್ತಿ ಕೂತು, ಹೊರಟೆ. ಎಂಜಿನ್ ಸದ್ದು ಯಾರ ಗಾಡಿಯದೂ ಆಗಬಹುದು, ಅವರಿಗೆ ಗುರುತು ಸಿಗುವುದು ಹಳೆಯ ಸದ್ದಿಗೇ, ಅದೀಗ ಗಾಡಿಯಲ್ಲಿಲ್ಲ. ಅತ್ತಿತ್ತ ನೋಡಿ ಬಾಯಲ್ಲೇ ಶುರುಮಾಡಿದೆ. ಕಿರ್ರ್, ಟಕ್. ಕಿರ್ರ್, ಟಕ್.

ಪಕ್ಕದ ಮನೆಯ ಹಸು ಹಾಲಿನ ಬಕೆಟ್ಟನ್ನು ಒದ್ದು ಕಾಂಪೌಂಡಿನ ಈಚೆಗೆ ಕಳಿಸಿತು. ಹಾಲು ಕರೆಯುತ್ತಿದ್ದವರು ಎದ್ದು ನಿಂತು, ಗಾಡಿಯ ಮೇಲೆ ಕೂತು ಬಾಯಲ್ಲಿ ಸದ್ದು ಮಾಡುತ್ತಿದ್ದ ಸರ್ಕಾರಿ ಡಾಕ್ಟರನ್ನು ನೋಡಿದರು. ಅಷ್ಟರಲ್ಲಿ ಹೆಂಡತಿ ಮಗಳು ಇಬ್ಬರೂ ಬಾಗಿಲಿಗೆ ಬಂದಿದ್ದರು. ನಾನು ಬಾಯಿ ಮುಚ್ಚಿದೆ. ಇಳಿಯೋಣವೆಂದರೆ ಅಲ್ಲಿ ಕಟ್ಟೆ ಇರಲಿಲ್ಲ.

ಹೆಂಡತಿ ಬಂದು ಹ್ಯಾಂಡಲ್ ಹಿಡಿದುಕೊಂಡಳು. "ಸದ್ದು ಬೇಡ ಅಂದಿದ್ದು ನೀವೇ ಅಲ್ವಾ? ಗಾಡಿ ಸದ್ದು ಕೇಳಿದ ತಕ್ಷಣ ನಾವು ಬಾಯಿ ಮುಚ್ಕೊಳ್ತಿದ್ವಿ. ಮತ್ತೆ ಸದ್ದು ಬೇಕು ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ," ಎಂದಳು. ನಾನು ಅವಳ ಭುಜ ಹಿಡಿದು ಕೆಳಗಿಳಿದೆ.

ಮಗಳು ಮಾತ್ರ ಇನ್ನೂ ಬಾಗಿಲಲ್ಲೇ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಪ್ಪಾ, ನೀನು ಉಲ್ಟಾ ಮಾಡ್ತಿದೀಯ. ಟಕ್ ಮೊದಲು, ಕಿರ್ರ್ ಆಮೇಲೆ. ಒಳಗೆ ಬಾ, ಹೇಳಿಕೊಡ್ತೀನಿ."