ಬೀಜದ ಕಿವಿಯಲ್ಲಿ ಹೇಳಿದವನು

ನಡೆದದ್ದು ಇಷ್ಟೇ: ನನ್ನ ತಮ್ಮನ ಹುಚ್ಚು ಗೆದ್ದಿತು, ನನ್ನ ಬುದ್ಧಿವಂತಿಕೆ ಸೋತಿತು. ಅವನು ಬೀಜದ ಜೊತೆ ಮಾತಾಡುವ ಆಸಾಮಿ. ಮನುಷ್ಯರ ಜೊತೆ ಅಷ್ಟಕ್ಕಷ್ಟೆ. ಕೃಷಿ ಕಾಲೇಜಿನ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಆಲೂರಿನ ನಮ್ಮ ಮನೆಗೆ ಬಂದಾಗ ತಂದದ್ದು ಎರಡು ಪಂಚೆ, ಹದಿನಾಲ್ಕು ಬಾಟಲಿ!

ಆಗ ಘಟ್ಟದ ಕೆಳಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಮಗಳ ಗದ್ದೆಗೆ ಕಡಲ ನೀರು ನುಗ್ಗಿ, ಭತ್ತ ಕೊಯ್ದ ಮೇಲೆ ಹಾಕುವ ಅಲಸಂದೆ ಎರಡು ವರ್ಷ ಸುಟ್ಟುಹೋಗಿತ್ತು. ಇನ್ನೊಂದು ಸಲ ಬೆಳೆ ಹೋದರೆ ಮಾವನವರು ಗದ್ದೆಯನ್ನು ಸಿಗಡಿ ಸಾಕುವವರಿಗೆ ಕೊಟ್ಟುಬಿಡುತ್ತಾರಂತೆ ಎಂದು ಕಾಗದ ಬರೆದಳು. ನನ್ನ ಮೊಮ್ಮಕ್ಕಳು ಉಣ್ಣುವ ಗದ್ದೆ!

ಕಾಗದ ಓದಿದವನೇ ತಮ್ಮ ಹಿತ್ತಲಿಗೆ ನಡೆದ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ನೀರನ್ನು ನಾನು ಮದುವೆಯಾಗಿ ಬಂದಾಗಿನಿಂದ ಅಲ್ಲೊಂದು ಮೂಲೆಗೆ ಚೆಲ್ಲುತ್ತೇನೆ. ಹುಲ್ಲೂ ಹುಟ್ಟುವುದಿಲ್ಲ. ಆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡು ಕುಣಿದ! "ಅಕ್ಕಾ, ಘಟ್ಟದ ಮೇಲೇ ಕಡಲು ಸಿಕ್ತು ಕಣೇ!"

ಅಲಸಂದೆ ಬೀಜವನ್ನು ಒಂದು ಲೋಟದ ಬರೀ ನೀರಿನಲ್ಲೂ, ಇನ್ನೊಂದು ಲೋಟದ, ತನ್ನ ಬಾಟಲಿಯಿಂದ ಹಾರ್ಮೋನು ಹನಿಸಿದ ನೀರಿನಲ್ಲೂ ನೆನೆಹಾಕಿದ.

"ಏನೋ ಅದು?"

"ಗಿಡದ ಮೈಯಾಗೇ ಹುಟ್ಟೋ ರಸ ಕಣಕ್ಕ. ಉಪ್ಪು ಬರ್ತಾ ಐತೆ, ಹುಷಾರು ಅಂತ ಬೀಜದ ಕಿವೀಲಿ ಹೇಳ್ದಂಗೆ."

ಬೀಜಕ್ಕೆ ಕಿವಿ! ಬೆಳಿಗ್ಗೆ ಅಡುಗೆಮನೆಯಲ್ಲಿ ನೆನೆದ ಅಲಸಂದೆ ಕಂಡರೆ ಯಾವ ಹೆಂಗಸು ಸುಮ್ಮನಿರುತ್ತಾಳೆ ಹೇಳಿ? ಎರಡೂ ಲೋಟ ಬಗ್ಗಿಸಿ ಸಾರು ಮಾಡಿದೆ. ಅವನು ಎರಡು ಸಲ ಬಡಿಸಿಕೊಂಡು ಉಂಡು, ಆಮೇಲೆ ಲೋಟ ಹುಡುಕಿದ!

"ನನ್ನ ಪ್ರಯೋಗಾನೇ ಬೇಯಿಸ್‌ಬುಟ್ಯಲ್ಲೇ ಅಕ್ಕಾ!"

"ಚಪ್ಪರಿಸಿದ್ದು ನೀನು ಕಣೋ. ನಿನ್ ಹಾರ್ಮೋನಿಗೆ ಮೀಸೆ ಬಂದ್ರೆ ನಂಗೆ ತಾನೆ?"

ಎರಡನೇ ಸಲ ಲೋಟಗಳನ್ನು ತನ್ನ ಮಂಚದ ಕೆಳಗಿಟ್ಟುಕೊಂಡ. ಹಿತ್ತಲಿನ ಆ ಉಪ್ಪು ಮೂಲೆಯಲ್ಲೇ ಎರಡು ಸಾಲು ಬಿತ್ತಿ, ಉಪ್ಪುನೀರನ್ನೇ ಹುಯ್ದ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೇಲಿಯಾಚೆ ನಿಂತು, "ಉಪ್ಪಾಯ್ತು ಸಾರ್, ಖಾರ ಯಾವಾಗ ಹಾಕ್ತೀರಿ?" ಎಂದ. ನಕ್ಕವರಲ್ಲಿ ನಾನೇ ಮೊದಲು.

ಬರೀ ನೀರಿನ ಸಾಲು ಗೇಣುದ್ದ ಎದ್ದು, ಎಲೆಯಂಚು ಸುಟ್ಟು ಮಲಗಿತು. ಹಾರ್ಮೋನಿನ ಸಾಲು ಕುಳ್ಳಾಗಿಯೇ ನಿಂತು, ಹೂಬಿಟ್ಟು, ಕಾಯಿ ಕಟ್ಟಿತು! ರೈಟರ್ ಬೇಲಿ ದಾಟಿ ಬಂದು ಕಾಯಿ ಸುಲಿದು ನೋಡಿದ. "ನಮ್ದೂ ಒಂದ್ ಲೋಟ ನೆನೆಹಾಕ್‌ಬುಡಿ ಸಾರ್."

ತಮ್ಮ ಅವನ ಕಡೆ ತಿರುಗಲಿಲ್ಲ. "ನಿನ್ ಮಗಳನ್ನ ಹೆಗಲ ಮೇಲೆ ಕೂರಿಸ್ಕಂಡು ಆಡಿಸಿದ್ದೀನಿ ಕಣಕ್ಕ," ಎಂದ. "ಅವಳ ಗದ್ದೇಲಿ ಸಿಗಡಿ ಈಜಕ್ಕೆ ಬಿಡ್ತೀನಾ?"

ಮರುದಿನ ಬೆಳಿಗ್ಗೆ ಬೀಜ, ಬಾಟಲಿ, ತಮ್ಮ, ಮೂರನ್ನೂ ಹೊರಡಿಸಿಕೊಂಡು ಘಟ್ಟ ಇಳಿಯುವ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟನ್ನು ಅವನಿಗೆ ಬಿಟ್ಟೆ. ಹುಟ್ಟಿದ ಮೇಲೆ ಅದನ್ನು ಯಾರಿಗೂ ಬಿಟ್ಟವಳಲ್ಲ ನಾನು.